ಪುಂಜಾಲಕಟ್ಟೆಯ ಪಿಲಿ

ಪುಂಜಾಲಕಟ್ಟೆಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುವ ಕುಸುಮಳಿಗೆ ಬೆಕ್ಕು ಸಾಕುವ ಆಸೆಯೇನೂ ಇರಲಿಲ್ಲ. ರಜೆಯಲ್ಲಿ ಬಂದ ತಮ್ಮ ಶೋಧನ್ ಆಸೆಪಟ್ಟು ಒಂದು ಬೆಂಗಾಲ್ ಬೆಕ್ಕನ್ನು ತಂದ. ರಜೆ ಮುಗಿದಾಗ ಅದನ್ನು ಅಕ್ಕನ ಬಳಿ ಬಿಟ್ಟು ಅಬುಧಾಬಿಗೆ ಹೋದ.

"ಇದರ ಅಜ್ಜಿಯ ಅಜ್ಜಿ ಕಾಡುಬೆಕ್ಕು ಅಕ್ಕ. ಊರ ಬೆಕ್ಕಿನ ಜೊತೆ ಸೇರಿಸಿ ಮಾಡಿದ ತಳಿ. ನೋಡ್ಲಿಕ್ಕೆ ಮಾತ್ರ ಚಿರತೆ, ಗುಣ ಪಾಪ" ಎಂದಿದ್ದ.

ಪಾಪವೇ ಸೈ, ಆದರೆ ಕೂತಲ್ಲಿ ಕೂರುವ ಪ್ರಾಣಿಯಲ್ಲ. ಮೈತುಂಬ ಕಪ್ಪು ಚುಕ್ಕೆಯ ಆ ಬೆಕ್ಕು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಲೇ ಇರುತ್ತಿತ್ತು. ಅದನ್ನು ನೋಡಿ ನೋಡಿ ಕುಸುಮಳಿಗೂ ಮೆಷಿನಿನ ಮುಂದೆ ಕೂರಲಾಗದು. ಎದ್ದು ಚಿಲಕ ನೋಡುವಳು, ಕೂರುವಳು, ಮತ್ತೆ ಏಳುವಳು. ತುಳುವಿನಲ್ಲಿ ಹುಲಿಗೆ ಹೇಳುವ ಹಾಗೆ ಅದಕ್ಕೆ 'ಪಿಲಿ' ಎಂದು ಹೆಸರಿಟ್ಟಿದ್ದಳು.

ಒಂದು ಮಧ್ಯಾಹ್ನ ರವಿಕೆ ಕೊಂಡೊಯ್ಯಲು ಬಂದವರು ಬಾಗಿಲು ಹಾಕಲು ಮರೆತರು. ಪಿಲಿ ಹೊರಗೆ ಹಾರಿತು. ಕುಸುಮ ಕತ್ತರಿ ಹಿಡಿದ ಕೈಯಲ್ಲೇ ರಸ್ತೆಗೆ ಓಡಿ "ಪಿಲೀ! ಪಿಲೀ!" ಎಂದು ಕೂಗಿದಳು. ಸ್ಕೂಟರಿನಲ್ಲಿ ಬರುತ್ತಿದ್ದವನೊಬ್ಬ ಹುಲಿಯೇ ಬಂತೆಂದು ಹೆದರಿ ಗಾಡಿ ತಿರುಗಿಸಿದ. ಪಿಲಿ ಸಿಗಲಿಲ್ಲ. ಸಂಜೆಯೊಳಗೆ ಅದು ತಪ್ಪಿಸಿಕೊಂಡದ್ದು ಊರೆಲ್ಲ ಸುದ್ದಿ.

ಮರುದಿನ ಬೆಳಿಗ್ಗೆ ಗುಡ್ಡೆಯ ಬದಿಯ ಧರ್ಣಪ್ಪಣ್ಣನ ಫೋನು ಬಂತು. "ಕುಸುಮಕ್ಕ, ನಿಮ್ಮ ಬೆಕ್ಕು ನನ್ನ ಕೋಳಿಗೂಡಲ್ಲಿ ಉಂಟು. ಚಿರತೆ ಮರಿ ಅಂತ ಇಲ್ಲಿಯವರು ದೊಣ್ಣೆ ಹಿಡ್ಕೊಂಡು ನಿಂತಿದ್ದಾರೆ. ಬೇಗ ಬನ್ನಿ."

ಪಿಲಿಯ ಪಂಜರ ಎತ್ತಿಕೊಂಡು, ಪರಿಚಯದ ವಸಂತನ ರಿಕ್ಷಾದಲ್ಲಿ ಹೋದಳು. ಕೋಳಿಗೂಡಿನ ಮೂಲೆಯಲ್ಲಿ ಅದೇ ಬಣ್ಣ, ಅದೇ ಚುಕ್ಕೆ. "ಪಿಲೀ" ಎಂದಳು. ಅದು ಹಲ್ಲು ಕಿರಿದು ಬುಸುಗುಟ್ಟಿತು. ಪಿಲಿಗೆ ಕಟ್ಟಿದ್ದ ಕೆಂಪು ಪಟ್ಟಿ ಇದರ ಕೊರಳಲ್ಲಿ ಇರಲಿಲ್ಲ. ಇದು ಪಿಲಿಯಲ್ಲ, ನಿಜವಾದ ಕಾಡುಬೆಕ್ಕು!

"ನಿಮ್ಮದಲ್ಲದಿದ್ರೆ ಹೇಳಿ, ನಾವು ನೋಡ್ಕೊಳ್ತೇವೆ" ಎಂದ ದೊಣ್ಣೆಯವನೊಬ್ಬ.

ಕುಸುಮ ಅವನ ಕೈಯ ದೊಣ್ಣೆ ನೋಡಿದಳು. "ನಂದೇ" ಎಂದಳು.

ಗೂಡಿನ ಬಾಗಿಲಿಗೆ ಪಂಜರ ಒತ್ತಿ ಹಿಡಿದಳು. ಧರ್ಣಪ್ಪಣ್ಣ ಹಿಂದಿನಿಂದ ತಟ್ಟಿದಾಗ ಅದು ಒಳಗೆ ನುಗ್ಗಿತು. ಬಾಗಿಲು ಮುಚ್ಚುವಷ್ಟರಲ್ಲಿ ಅವಳ ಮುಂಗೈ ಪರಚಿ ರಕ್ತ ಬಂತು.

ದಾರಿಯಲ್ಲಿ ಕಾಡಿನ ಅಂಚು ಸಿಕ್ಕಿದ್ದೇ ರಿಕ್ಷಾ ನಿಲ್ಲಿಸಿ ಪಂಜರ ತೆರೆದಳು. ಒಂದೇ ನೆಗೆತಕ್ಕೆ ಅದು ಪೊದೆ ಸೇರಿತು.

"ಅಕ್ಕಾ, ಬಿಟ್ಟೇ ಬಿಟ್ರಲ್ಲ!" ಎಂದ ವಸಂತ.

"ಅದು ನಂದಲ್ಲ ವಸಂತ. ಆಸ್ಪತ್ರೆಗೆ ಹೋಗುವ, ಇಂಜೆಕ್ಷನ್ ತೆಗೊಳ್ಬೇಕು."

ಆಮೇಲೆ ಅವಳಿಗೆ ಅನ್ನ ಸೇರಲಿಲ್ಲ. ಎಲೆ ಅಲುಗಿದರೂ ಹೊರಗೆ ಓಡುವಳು. ಕೊನೆಗೆ ಪಕ್ಕದ ಮನೆಯ ಸೇಸಮ್ಮ ಕೂಗಿ ಕರೆದರು. ಅವರ ಸೌದೆ ಕೊಟ್ಟಿಗೆಯ ಅಟ್ಟದಲ್ಲಿ, ಧೂಳು ಮೆತ್ತಿಕೊಂಡು, ಹಸಿದು ಅಳುತ್ತಿತ್ತು ಪಿಲಿ.

"ಒಂದೇ ಇದ್ದು ಬೇಜಾರಾಗಿರ್ಬೇಕು. ಬರುವಾಗ ಜೊತೆಗೆ ಇನ್ನೊಂದು ತರ್ತೇನೆ" ಎಂದ ಶೋಧನ್ ಫೋನಿನಲ್ಲಿ.

"ಬೇಡ. ಇದ್ದದ್ದಕ್ಕೇ ತಿರುಗ್ಲಿಕ್ಕೆ ಜಾಗ ಸಾಲುವುದಿಲ್ಲ" ಎಂದಳು ಕುಸುಮ.

ಈಗ ಜಗಲಿಗೆ ಬಲೆ ಹಾಕಿಸಿ ಮೆಷಿನನ್ನೂ ಅಲ್ಲಿಗೇ ತಂದಿದ್ದಾಳೆ. ಪಿಲಿ ಬಲೆಯುದ್ದಕ್ಕೂ ನಡೆಯುತ್ತಿರುತ್ತದೆ. ಗುಡ್ಡೆಯ ಕಡೆ ನಾಯಿ ಬೊಗಳಿದರೆ ಅದು ತಟ್ಟನೆ ನಿಲ್ಲುತ್ತದೆ. ಪೆಡಲಿನ ಮೇಲೆ ಕುಸುಮಳ ಕಾಲೂ ನಿಲ್ಲುತ್ತದೆ.