ಈಗ ತಾನೆ ಸುದ್ದಿ ಬಂತು

ನಾಗಮಣಿಗೆ ತನ್ನ ತಾಯಿಯ ಕೊನೆಯ ಮಾತು ಸಿಗದಂತೆ ಮಾಡಿದವಳು ನಾನು. ಸುದ್ದಿ ತಡವಾಗಿ ಬಂತು, ಪಾಪ, ಹುಡುಗಿ ಏನು ಮಾಡಿಯಾಳು ಎಂದು ಊರವರು ಹೇಳಿಕೊಂಡರು. ಸುದ್ದಿ ತಡವಾಗಿರಲಿಲ್ಲ. ಬೆಳಿಗ್ಗೆಯೇ ಬಂದಿತ್ತು. ಅದನ್ನು ನಾನು ನನ್ನಲ್ಲೇ ಇಟ್ಟುಕೊಂಡೆ — ಒಂದು ಸಮಾರಂಭ ಕೆಡಬಾರದೆಂದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಹೊಸ ಹೈಸ್ಕೂಲು ಶುರುವಾದಾಗ ನನ್ನನ್ನು ಮುಖ್ಯೋಪಾಧ್ಯಾಯಿನಿ ಮಾಡಿದರು. ಮೊದಲೆರಡು ವರ್ಷ ಮುಚ್ಚಿಹೋದ ಅಕ್ಕಿ ಗಿರಣಿಯಲ್ಲಿ ಪಾಠ. ಮಕ್ಕಳ ತಲೆಗೂದಲಿಗೂ ಪುಸ್ತಕಕ್ಕೂ ತೌಡಿನ ವಾಸನೆ ಹತ್ತಿರುತ್ತಿತ್ತು. ಮೂರನೆಯ ವರ್ಷ ನಾಲೆಯ ಪಕ್ಕದಲ್ಲಿ ಸ್ವಂತ ಕಟ್ಟಡ ಎದ್ದಿತು. ಮೊದಲು ಬಂದು ಎಂಟನೆಯ ತರಗತಿಗೆ ಸೇರಿದ್ದ ಮಕ್ಕಳು ಆಗ ಎಸ್ಸೆಸ್ಸೆಲ್ಸಿ. ಅವರನ್ನು ಬೀಳ್ಕೊಡುವುದೆಂದರೆ ನಮ್ಮ ಶಾಲೆಗೂ ಅದು ಮೊದಲ ಬೀಳ್ಕೊಡುಗೆ.

ಆ ದಿನವನ್ನು ನೆನೆದರೆ ಈಗಲೂ ಎಲ್ಲ ತೆಳುವಾದ ಪರದೆಯ ಆಚೆ ನಡೆದಂತೆ ಕಾಣುತ್ತದೆ. ನಾಲೆಯ ನೀರಿನ ಬೆಳಕು ಹೊಸ ಸುಣ್ಣದ ಸೂರಿನ ಮೇಲೆ ನಡುಗುತ್ತಿತ್ತು. ಹುಡುಗಿಯರೆಲ್ಲ ಅವರವರ ಅಮ್ಮಂದಿರ ಸೀರೆ ಉಟ್ಟು, ಒಂದೇ ಬೆಳಗಿನಲ್ಲಿ ದೊಡ್ಡವರಾಗಿ, ನೆರಿಗೆ ಎತ್ತಿಕೊಂಡು ನಡೆಯುತ್ತಿದ್ದರು — ನೀರಿನೊಳಗೆ ಕಾಲಿಟ್ಟವರ ಹಾಗೆ. ಅಡುಗೆಯ ಕಡೆಯಿಂದ ಕೇಸರಿಬಾತಿನ ಏಲಕ್ಕಿ ಘಮ. ಮೈಕಿನವನು ‘ಹಲೋ, ಹಲೋ’ ಎನ್ನುತ್ತಿದ್ದರೆ ಆ ದನಿ ಗದ್ದೆಗಳ ಮೇಲೆ ಹಾದು, ಎಲ್ಲೋ ತಟ್ಟಿ, ಮೆಲ್ಲನೆ ಹಿಂದಕ್ಕೆ ಬರುತ್ತಿತ್ತು.

ವಿದ್ಯಾರ್ಥಿಗಳ ಪರವಾಗಿ ಮಾತಾಡಬೇಕಾಗಿದ್ದವಳು ನಾಗಮಣಿ. ಬೇಸಾಯಗಾರರ ಮಗಳು. ತಾಯಿ ಮೈಸೂರಿನ ಆಸ್ಪತ್ರೆಯಲ್ಲಿದ್ದರು, ತಂದೆ ಅವರ ಜೊತೆಗಿದ್ದರು. ಹುಡುಗಿ ಅಜ್ಜಿಯ ಮನೆಯಿಂದ ಶಾಲೆಗೆ ಬರುತ್ತಿದ್ದಳು. ಭಾಷಣ ಬರೆದುಕೊಟ್ಟವಳು ನಾನು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು — ಎಲ್ಲ ತಿದ್ದಿ ತೀಡಿದ್ದೆ. ಮಠದ ಸ್ವಾಮಿಗಳು ಬರುವವರಿದ್ದರು, ಶಿಕ್ಷಣ ಇಲಾಖೆಯವರು ಬರುವವರಿದ್ದರು. ಗಿರಣಿಯಲ್ಲಿ ಹುಟ್ಟಿದ ಶಾಲೆಯಲ್ಲಿ ಎಂಥ ಮಾತು ಅರಳಿದೆ ಎಂದು ಅವರು ನೋಡಬೇಕಿತ್ತು. ಶಾಲೆಯನ್ನು ನೋಡಲಿ ಎಂದುಕೊಂಡಿದ್ದೆನೋ, ನನ್ನನ್ನು ನೋಡಲಿ ಎಂದೋ...

ನಾನೂ ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿ ಶಿವಮಲ್ಲಪ್ಪನವರೂ ವೇದಿಕೆಯ ಕುರ್ಚಿ ಸರಿಪಡಿಸುತ್ತಿದ್ದಾಗ ನಾಗಮಣಿಯ ಸೋದರಮಾವ ಬಂದ. ಮುಖ ಬಾಡಿತ್ತು.

“ಅಕ್ಕಂಗೆ ಉಸಾರಿಲ್ಲ ಮೇಡಮ್ಮೋರೆ. ಮಗೀನ ನೋಡ್ಬೇಕು ಅಂತವ್ಳೆ. ಕಳ್ಸಿಕೊಡಿ, ಬಸ್ ಬರೋ ಒತ್ತಾಯ್ತು.”

ಶಿವಮಲ್ಲಪ್ಪನವರು ತಕ್ಷಣ ಹೇಳಿದರು, “ಕಳಿಸ್ಬುಡಿ ಮೇಡಂ. ಭಾಸಣ ಇನ್ಯಾರಾರ ಮಾಡ್ಲಿ.”

ಆ ಮಾತನ್ನು ಇಲ್ಲಿ ಬರೆಯಲೇಬೇಕು. ಆಡಳಿತ ಮಂಡಳಿಯವರು ಒತ್ತಾಯ ಮಾಡಿದರು ಎನ್ನುವ ಹಾಗೂ ಇಲ್ಲ ನಾನು. ಕಳಿಸಿ ಎಂದವರು ಅವರು. ಬೇಡ ಎಂದವಳು ನಾನು.

“ಮಧ್ಯಾಹ್ನದೊಳಗೆ ಮುಗಿದುಹೋಗುತ್ತೆ ಸಾರ್. ನಿಮ್ಮ ಜೀಪಿನಲ್ಲಿ ನಾನೇ ಕರ್ಕೊಂಡು ಹೋಗ್ತೀನಿ. ಎರಡು ಬಸ್ಸು ಬದಲಾಯಿಸೋದಕ್ಕಿಂತ ಅದೇ ಬೇಗ.” ಮಾವನ ಕಡೆ ತಿರುಗಿ, “ನೀವು ಹೋಗಿರಿ. ಈಗ ಹೇಳಿದ್ರೆ ಹುಡುಗಿ ಹೆದರ್ತಾಳೆ,” ಎಂದೆ.

“ಆಯ್ತು ಮೇಡಮ್ಮೋರೆ. ಕೈ ಬುಡಬ್ಯಾಡಿ,” ಎಂದು ಅವನು ಹೋದ.

ಸ್ವಾಮಿಗಳು ಬರುವುದು ತಡವಾಯಿತು. ಪ್ರಾರ್ಥನೆ ತಡವಾಯಿತು, ಹಾರ, ಶಾಲು, ಒಬ್ಬೊಬ್ಬರ ಭಾಷಣ... ಬಿಸಿಲು ಶಾಮಿಯಾನದ ಮೇಲೆ ಸರಿಯುತ್ತಾ ಹೋಯಿತು. ಶಿವಮಲ್ಲಪ್ಪನವರು ವೇದಿಕೆಯ ಆ ತುದಿಯಿಂದ ನನ್ನ ಕಡೆ ನೋಡುತ್ತಿದ್ದರು. ನಾನು ಆ ಕಡೆ ತಿರುಗಲಿಲ್ಲ. ನಡುವೆ ಒಮ್ಮೆ ನಾಗಮಣಿಯೇ ಹತ್ತಿರ ಬಂದು, “ಹೂವು ಸರಿಯಾಗಿದ್ಯಾ ಮಿಸ್?” ಎಂದಳು. ತಾಯಿಯ ನೇರಳೆ ಬಣ್ಣದ ಸೀರೆ ಉಟ್ಟಿದ್ದಳು. ಜಾರುತ್ತಿದ್ದ ಮಲ್ಲಿಗೆಯನ್ನು ನಾನೇ ಪಿನ್ನು ಹಾಕಿ ಸರಿಮಾಡಿದೆ. ಆಗಲಾದರೂ ಹೇಳಬಹುದಿತ್ತು...

ಅವಳು ಮಾತಾಡಿದಳು. ಅಂಥ ಮಾತು ನಾನು ಮತ್ತೆ ಯಾವ ಮಗುವಿನ ಬಾಯಲ್ಲೂ ಕೇಳಿಲ್ಲ. “ಈ ಶಾಲೆಯೇ ನಮ್ಮ ತಾಯಿ, ಈ ತಾಯಿಯನ್ನು ಬಿಟ್ಟು ಹೇಗೆ ಹೋಗೋಣ,” ಎಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಸಾಲು ನಾನು ಬರೆದದ್ದು. “ಯಾರು ಕಲಿಸಿದ್ದು ಈ ಮಗುವಿಗೆ?” ಎಂದು ಸ್ವಾಮಿಗಳು ಕೇಳಿದರು, ಎಲ್ಲರೂ ನನ್ನತ್ತ ನೋಡಿದರು. ಆಗ ನನಗಾದ ಸಂತೋಷವನ್ನು ಇಲ್ಲವೆಂದು ಹೇಳಲಾರೆ. ಆ ಗಳಿಗೆಯಲ್ಲಿ ಆಸ್ಪತ್ರೆ ನನಗೆ ನೆನಪೇ ಇರಲಿಲ್ಲ.

ಗ್ರೂಪ್ ಫೋಟೋ ಕೂಡ ಆಗಲಿ ಎಂದು ಬಿಟ್ಟೆ. ಆಮೇಲೆ ಅವಳನ್ನು ನಲ್ಲಿಯ ಹತ್ತಿರ ಕರೆದು ಹೆಗಲ ಮೇಲೆ ಕೈಯಿಟ್ಟೆ.

“ಈಗ ತಾನೆ ಸುದ್ದಿ ಬಂತು ನಾಗಮಣಿ. ಅಮ್ಮನಿಗೆ ಸ್ವಲ್ಪ ಹುಷಾರಿಲ್ಲವಂತೆ. ಬಾ, ನಾನೇ ಕರ್ಕೊಂಡು ಹೋಗ್ತೀನಿ.”

ಈಗ ತಾನೆ — ನನ್ನ ಬದುಕಿನ ಅತಿ ದೊಡ್ಡ ಸುಳ್ಳು ಆ ಎರಡು ಪದಗಳಲ್ಲಿದೆ.

ತಾಂಡವಪುರ ದಾಟುವಾಗ ಅವಳು ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಸಂಜೆಯ ಬಂಗಾರದ ಧೂಳು ಜೀಪಿನೊಳಗೆ ತೇಲುತ್ತಿತ್ತು. ಈ ರಸ್ತೆ ಹೀಗೇ ಮುಗಿಯದೆ ಸಾಗುತ್ತಿರಲಿ ಎಂದು ಬೇಡಿಕೊಂಡೆ.

ನಾವು ಹೋದಾಗ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ಮಾವ ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿಕೊಂಡ. ಪಕ್ಕದ ಹಾಸಿಗೆಯ ಮುದುಕಿ ನನ್ನ ಕೈಹಿಡಿದು, “ಮದ್ಯಾನದ ಗಂಟ ಮಾತಾಡ್ತಿದ್ಲು ಕಣವ್ವ. ಮಣಿ ಬಂದ್ಲಾ, ಮಣಿ ಬಂದ್ಲಾ ಅಂತ ಬಾಗ್ಲನ್ನೇ ನೋಡ್ತಿದ್ಲು,” ಎಂದಳು. ನಾಗಮಣಿ ತಾಯಿಯ ಪಾದದ ಮೇಲೆ ಬಿದ್ದು ಅಳುತ್ತಿದ್ದಳು. ಅವಳಿಗೆ ಅದು ಕೇಳಿಸಲಿಲ್ಲ. ಕೇಳಿಸಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು — ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮಾವ ಯಾರಿಗೂ ಹೇಳಲಿಲ್ಲ. ಅವಳನ್ನು ಬಿಟ್ಟು ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ ಅವನೂ ತಲೆ ತಗ್ಗಿಸಬೇಕಿತ್ತು. ಶಿವಮಲ್ಲಪ್ಪನವರೂ ಆ ಮಾತೆತ್ತಲಿಲ್ಲ. ಆದರೆ ಕಾಫಿಗೆ ಕೂತು ನನ್ನೊಡನೆ ಹರಟುವುದನ್ನು ನಿಲ್ಲಿಸಿದರು. ಪರೀಕ್ಷೆ ಮುಗಿಯುವವರೆಗೆ ನಾಗಮಣಿಯನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಊಟ ಹಾಕಿದೆ, ಪಾಠ ಹೇಳಿದೆ, ತಲೆ ಬಾಚಿದೆ. ಪ್ರೀತಿಯಿಂದಲೇ ಮಾಡಿದೆ. ಆ ಪ್ರೀತಿಯ ಅಡಿಯಲ್ಲಿ ಏನಿತ್ತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಅವಳು ಓದಿದಳು. ನರಸೀಪುರದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್ ಆದಳು. ಯುಗಾದಿಗೆ, ಗೌರಿಹಬ್ಬಕ್ಕೆ ತಪ್ಪದೆ ನನ್ನ ಮನೆಗೆ ಬರುತ್ತಿದ್ದಳು. ಕೆಲವು ವರ್ಷಗಳ ನಂತರ ಅವರ ಶಾಲೆಯ ಬೀಳ್ಕೊಡುಗೆಗೆ ನನ್ನನ್ನೇ ಅತಿಥಿಯಾಗಿ ಕರೆದಳು. ಮೈಕಿನ ಮುಂದೆ ನಿಂತು ಮಕ್ಕಳಿಗೆ ಹೇಳಿದಳು: “ನಮ್ಮಮ್ಮ ಹೋದ ದಿನ ಸುದ್ದಿ ಬಂದ ತಕ್ಷಣ ಎಲ್ಲ ಬಿಟ್ಟು ನನ್ನನ್ನ ಕರ್ಕೊಂಡು ಓಡಿದವರು ಇವರು. ಟೀಚರ್ ಅಂದ್ರೆ ಹೀಗಿರಬೇಕು ಅಂತ ನಾನು ಆವತ್ತೇ ಅಂದ್ಕೊಂಡೆ.”

ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಮಾತಾಡಲು ಎದ್ದೆ. ಎರಡು ಮಾತು ಹರಸಿ ಕುಳಿತುಬಿಟ್ಟೆ.

ಸಂಜೆ ಇಬ್ಬರೂ ಸಂಗಮದ ಕಡೆ ನಡೆದೆವು. ಎರಡು ಹೊಳೆ ಕೂಡುವ ಕಡೆ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಅಲ್ಲಿ ಮೆಟ್ಟಿಲ ಮೇಲೆ ಕೂತು ಹೇಳಿದೆ. ಮಾವ ಬೆಳಿಗ್ಗೆಯೇ ಬಂದಿದ್ದ, ಕಳಿಸದವಳು ನಾನು ಎಂದೆ.

ಅವಳು, “ಅಮ್ಮ ಆಗ ಮಾತಾಡ್ತಿದ್ರಾ ಮಿಸ್?” ಎಂದಳು.

“ಮಾತಾಡ್ತಿದ್ರಂತೆ.”

“ನನ್ನ ಕೇಳಿದ್ರಾ?”

ಇಲ್ಲ ಎಂದುಬಿಡಬಹುದಿತ್ತು. ಅದು ಕರುಣೆಯಂತೆಯೂ ಕಾಣುತ್ತಿತ್ತು.

“ಕೇಳಿದ್ರು. ಮಣಿ ಬಂದ್ಲಾ ಅಂತ ಕೇಳ್ತಾನೇ ಇದ್ರಂತೆ.”

ಅವಳು ಅಳಲಿಲ್ಲ. ಎದ್ದು, ನನ್ನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿ, ನಂಜನಗೂಡಿನ ಬಸ್ಸಿಗೆ ಕೂರಿಸಿದಳು. “ವಯಸ್ಸಾದವರು, ನೋಡಿ ಇಳಿಸಿ,” ಎಂದು ಕಂಡಕ್ಟರಿಗೆ ಹೇಳಿದಳು. ಆಮೇಲೆ ಬಂದ ಯುಗಾದಿಗೆ ಅವಳು ಬರಲಿಲ್ಲ. ಗೌರಿಹಬ್ಬಕ್ಕೂ ಬರಲಿಲ್ಲ.

ಕ್ಷಮೆ ಕೇಳಿದಿರಾ ಎಂದು ನೀವು ಕೇಳಬಹುದು. ಕೇಳಲಿಲ್ಲ. ಕೇಳಿದ್ದರೆ ಅವಳು ಕೊಟ್ಟುಬಿಡುತ್ತಿದ್ದಳು, ಅಂಥ ಹುಡುಗಿ. ಅದನ್ನೂ ಅವಳಿಂದ ತೆಗೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.