ವೀಣೆಯವರು ಅಂಟಿಸಿಕೊಟ್ಟ ರೈಫಲ್ ಹಿಡಿ

ಪುಟ್ಟೀ, ಚಿನ್ನೂ, ನಿಮ್ಮ ಮುತ್ತಾತನ ರೈಫಲ್ಲನ್ನು ನಾನು ಒಡೆದ ಕತೆ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾವು ಚಾಮರಾಜಪೇಟೆಯಲ್ಲಿದ್ದೆವು. ಊರಿನ ಹೊಲ ಕಾಯಲು ಲೈಸೆನ್ಸ್ ಮಾಡಿಸಿದ್ದ ರೈಫಲ್ಲನ್ನು ನನ್ನ ಮಾವ ಪ್ರತಿ ವರ್ಷ ಆಯುಧಪೂಜೆಗೆ ಇಡುತ್ತಿದ್ದರು. ಒಂದು ಸಲ ಅವರು ಊರಿಗೆ ಹೋಗಿದ್ದಾಗ ನಾನು ಅದನ್ನು ಒರೆಸಲು ಹೋಗಿ ಬೀಳಿಸಿದೆ. ಭುಜಕ್ಕೆ ಒತ್ತಿ ಹಿಡಿಯುವ ಮರದ ಹಿಡಿ ಉದ್ದಕ್ಕೂ ಸೀಳಿತು. ಪೂಜೆಗೆ ನಾಲ್ಕೇ ದಿನ ಉಳಿದಿತ್ತು. ಮಾವನೆದುರು ತಲೆಯೆತ್ತಿ ಮಾತಾಡಿದವಳಲ್ಲ ನಾನು.

ನಿಮ್ಮ ತಾತ ಸ್ಕ್ರೂ ಬಿಚ್ಚಿ ಮರವನ್ನಷ್ಟೇ ಕೊಟ್ಟರು. ಅದನ್ನು ಟವೆಲಿನಲ್ಲಿ ಸುತ್ತಿ, ಪಕ್ಕದ ಬೀದಿಯಲ್ಲಿ ವೀಣೆ ರಿಪೇರಿ ಮಾಡುವವರ ಹತ್ತಿರ ಒಯ್ದೆ.

"ಇದ್ಯಾವ ವಾದ್ಯ ಅಮ್ಮಾವ್ರೇ?" ಎಂದರು.

"ನಮ್ಮ ಮಾವಂದು" ಎಂದೆ.

ಅವರು ಸೀಳಿನೊಳಗೆ ಅಂಟು ಇಳಿಸಿ, ಹುರಿಯಿಂದ ಬಿಗಿದು ಎರಡು ದಿನ ಒಣಗಲು ಬಿಟ್ಟರು. ಆಮೇಲೆ ಉಪ್ಪುಕಾಗದದಿಂದ ಉಜ್ಜಿ, ವೀಣೆಗೆ ಹಚ್ಚುವ ಪಾಲಿಶನ್ನೇ ಹಚ್ಚಿಕೊಟ್ಟರು. ಸೀಳು ಕಾಣಲೇ ಇಲ್ಲ, ಆದರೆ ಹಿಡಿ ಕನ್ನಡಿಯಂತೆ ಹೊಳೆಯುತ್ತಿತ್ತು.

ನಿಮ್ಮ ತಾತ ಮತ್ತೆ ಸ್ಕ್ರೂ ಹಾಕಿ ಜೋಡಿಸಿದ್ದ ರೈಫಲ್ಲನ್ನು ಪೂಜೆಯ ದಿನ ಮಾವ ಎತ್ತಿಕೊಂಡು ತಿರುಗಿಸಿ ನೋಡಿದರು. "ಇದು ನಂದಲ್ಲ!"

ರೈಫಲ್ ಬಿದ್ದದ್ದು, ಒಡೆದದ್ದು, ವೀಣೆಯವರ ಹತ್ತಿರ ಒಯ್ದದ್ದು, ಎಲ್ಲವನ್ನೂ ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಮಾವ ಹೊಳೆಯುವ ಹಿಡಿಯ ಮೇಲೆ ಬೆರಳಾಡಿಸಿದರು. "ಆಯ್ತು ಬಿಡಮ್ಮ. ಇನ್ಮೇಲೆ ಇದನ್ನ ಹೊಡೀಬೇಕೋ ನುಡಿಸ್ಬೇಕೋ, ಅದನ್ನಾದ್ರೂ ಹೇಳು" ಎಂದರು.

ಮಾವನೆದುರು ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಈ ಹಾಳೆಗಳನ್ನು ಕಳೆಯಬೇಡಿ ಕಂದಗಳಾ, ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳಿ.