ಇಂಗ್ಲೆಂಡಿನಲ್ಲಿ ಔಟ್‌ಹೌಸ್ ಸಿಗುತ್ತಾ?

“ಶಾಮಣ್ಣ, ಅಲ್ಲಿ ನಮಗೊಂದು ಔಟ್‌ಹೌಸ್ ಸಿಗಲ್ವಾ?”

ಕಳೆದ ಭಾನುವಾರ ನನ್ನ ತಂಗಿ ಸರಸ ಕೇಳಿದ್ದು ಇಷ್ಟೇ. ಶಾಮು ಕಾಫಿ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯೋ ತಾಯಿ! ಅಲ್ಲಿ ಔಟ್‌ಹೌಸ್ ಅಂದ್ರೆ ಹಿತ್ತಲಲ್ಲಿರೋ ಕಲ್ಲಿದ್ದಲು ಗೂಡು. ಇಲ್ಲಾಂದ್ರೆ ಕಕ್ಕಸು! ಅದ್ರಲ್ಲಿ ಸಂಸಾರ ಮಾಡ್ತೀರಾ?”

ಸರಸಳ ಗಂಡ ರಘು ನಕ್ಕ. ಅವಳ ಅತ್ತೆ ನಕ್ಕರು. ನಾನೂ ನಕ್ಕೆ (ಸುಳ್ಳು ಯಾಕೆ ಹೇಳಲಿ?). ಸರಸ ನಗಲಿಲ್ಲ.

ಯಾಕೆಂದರೆ ನಾವೆಲ್ಲ ಕೂತು ನಗುತ್ತಿದ್ದದ್ದೇ ಸರಸಳ ಬಾಡಿಗೆ ಔಟ್‌ಹೌಸಿನಲ್ಲಿ. ಜಯನಗರದಲ್ಲಿ ಅದರ ಅರ್ಥ ಯಾರಿಗೆ ಗೊತ್ತಿಲ್ಲ? ಮುಂದೆ ಓನರ್ ಮನೆ, ಅದೇ ಕಾಂಪೌಂಡಿನ ಹಿಂದೆ ಎರಡು ಕೋಣೆ. ಒಂದರಲ್ಲಿ ಒಲೆ, ಒಂದರಲ್ಲಿ ಮನೆಮಂದಿ. ಸಂಬಳದವರ ಸಂಸಾರಗಳೆಲ್ಲ ಶುರುವಾಗುವುದೇ ಅಲ್ಲಿ. ಕಡಿಮೆ ಬಾಡಿಗೆ, ಆದರೂ ಸ್ವಂತ ಬಾಗಿಲು. ಅವಳು ಕೇಳಿದ್ದು ಅದನ್ನೇ.

ರಘುವಿಗೆ ಬರ್ಮಿಂಗ್‌ಹ್ಯಾಮಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಶಾಮು ಅವನ ಹಳೇ ಸ್ನೇಹಿತ, ಆಗಲೇ ಅಲ್ಲಿರುವವನು. ತನ್ನ ತಂಗಿ ಮದುವೆಗೆ ಅಂತ ಊರಿಗೆ ಬಂದಿದ್ದ, ವಾಪಸು ಹಡಗು ಹತ್ತಲು ಅವತ್ತೇ ಸಂಜೆ ರೈಲಿಗೆ ಹೊರಟಿದ್ದ. ಅವನು ಹೋಗುವುದರೊಳಗೆ ರಘು ಎಲ್ಲಿರುತ್ತಾನೆ ಅಂತ ಹೇಳಬೇಕು. ನಾನು ಪಕ್ಕದ ಸಿದ್ದಾಪುರದಿಂದ ನಡೆದುಕೊಂಡು ಹೋಗಿದ್ದೇ ಈ ಪಂಚಾಯ್ತಿಗೆ.

ಶಾಮು ಎರಡು ಜಾಗ ನೋಡಿಟ್ಟಿದ್ದ. ಒಂದು, ನಮ್ಮ ದೇಶದ ಗಂಡಸರೇ ತುಂಬಿರುವ ಮನೆ. ಬಾಡಿಗೆ ಬಹಳ ಅಗ್ಗ. ಯಾಕೆ ಅಗ್ಗ? ಹಗಲು ಪಾಳಿಯವನು ಎದ್ದು ಹೋದ ಹಾಸಿಗೆಯಲ್ಲೇ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ. (“ಹಾಸಿಗೆ ತಣ್ಣಗಾಗೋದೇ ಇಲ್ಲ ಗುರು, ಆ ಚಳೀಲಿ ಅದೂ ಒಂದು ಲಾಭ!” ಅಂದ.) ಹೆಂಗಸರಿಗೆ ಜಾಗವಿಲ್ಲ.

ಇನ್ನೊಂದು, ತರಕಾರಿ ಅಂಗಡಿಯ ಮೇಲೆ ಎರಡು ರೂಮು. ನಮ್ಮಂಥವರಿಗೆ ಮನೆ ಕೊಡುವುದಿಲ್ಲ ಅಂತ ಕಿಟಕಿಯಲ್ಲೇ ಬೋರ್ಡು ಹಾಕುವ ಬೀದಿಯಲ್ಲಿ, ಆ ಅಂಗಡಿಯ ಮುದುಕಿ ಹೂಂ ಅಂದಿದ್ದಾಳೆ. ಆದರೆ ಬಾಡಿಗೆ ಜಾಸ್ತಿ. ಒಲೆಯೂ ಸುಮ್ಮನೆ ಉರಿಯುವುದಿಲ್ಲ, ಮೀಟರಿನ ಡಬ್ಬಿಗೆ ಕಾಸು ಹಾಕಿದರೆ ಮಾತ್ರ ಗ್ಯಾಸ್.

“ಒಲೆಗೂ ದಕ್ಷಿಣೆನಾ?” ಅಂದರು ಅತ್ತೆ. “ಬೇಡಪ್ಪ ಬೇಡ. ಮೊದಲನೇದೇ ಆಗ್ಲಿ. ಮೂರು ವರ್ಷ ಹಲ್ಲು ಕಚ್ಚಿಕೊಂಡಿದ್ರೆ ಸೈಟ್ ಮೇಲೆ ಮನೆ ಎದ್ದುಬಿಡುತ್ತೆ. ಸರಸು ನನ್ನ ಜೊತೆ ಇರ್ತಾಳೆ.”

ಬಂತು ನೋಡಿ, ಸೈಟು! ನಮ್ಮೂರಿನಲ್ಲಿ ಯಾವ ಮಾತು ಶುರು ಮಾಡಿದರೂ ಕೊನೆಗೆ ಬಂದು ನಿಲ್ಲುವುದು ಅಲ್ಲೇ ಅಲ್ಲವೇ? ಇವರದು ಐದನೇ ಬ್ಲಾಕಿನ ಆಚೆ ಇದೆ. ನಾಲ್ಕು ಕಲ್ಲು, ಒಂದಷ್ಟು ಜಾಲಿ ಗಿಡ, ಮೇಯುವ ಎಮ್ಮೆಗಳು. ಮನೆ ಇನ್ನೂ ಅತ್ತೆಯ ತಲೆಯಲ್ಲಿ ಮಾತ್ರ. ಆದರೆ ಅಲ್ಲಿ ಆಗಲೇ ಮೊಸಾಯಿಕ್ ನೆಲ ಹಾಕಿ ಆಗಿದೆ.

“ಮೂರು ವರ್ಷಾನಾ?” ಅಂದಳು ಸರಸ.

“ಕಣ್ಮುಚ್ಚಿ ಬಿಡೋದ್ರೊಳಗೆ ಹೋಗುತ್ತಮ್ಮ.”

“ನಾನು ಕಣ್ಣು ಬಿಟ್ಕೊಂಡೇ ಇರ್ತೀನಲ್ಲ ಅತ್ತೆ.”

ಹಿತ್ತಲ ನಲ್ಲಿಯಲ್ಲಿ ಓನರ್ ಮನೆಯವರು ಬಿಂದಿಗೆ ಇಟ್ಟ ಸದ್ದು ಕೇಳಿತು. ರಘು ಅಂಗಿಯ ಗುಂಡಿ ತಿರುವುತ್ತಾ ಕೂತಿದ್ದ. ಒಳ್ಳೆಯ ಹುಡುಗ. ಆದರೆ ಒಳ್ಳೆಯ ಹುಡುಗರದು ಇದೇ ಕಾಯಿಲೆ, ಅಮ್ಮನ ಎದುರಿಗೆ ಗುಂಡಿ ತಿರುವುತ್ತಾರೆ.

“ಏನಪ್ಪ, ನಿಮ್ಮ ಅಭಿಪ್ರಾಯ ಏನು?” ಅಂತ ಕೇಳಿದೆ. ತಡೆಯಲಾಗಲಿಲ್ಲ.

“ಅದು ಅಕ್ಕಾ... ಲೆಕ್ಕ ಹಾಕಿದ್ರೆ ಅಮ್ಮ ಹೇಳೋದು ಸರಿನೇ.”

ಶಾಮು ಗಡಿಯಾರ ನೋಡಿಕೊಂಡು ಎದ್ದ. “ಹೊತ್ತಾಯ್ತು ಮಗಾ. ಆ ಎರಡು ರೂಮಿಗೆ ಬೇರೆಯವರೂ ಕಾಯ್ತಿದಾರೆ. ಈಗ ಬೇಡ ಅಂದ್ರೆ ಆಮೇಲೆ ಸಿಗಲ್ಲ. ಏನು ಹೇಳ್ಲಿ?”

“ಸದ್ಯಕ್ಕೆ ಮೊದಲನೇದೇ ಇರ್ಲಿ,” ಅಂದ ರಘು. ಶಾಮು ಚಪ್ಪಲಿ ಮೆಟ್ಟಿ ಗೇಟು ದಾಟಿದ.

ಸರಸ ಅಳುತ್ತಾಳೆ ಅಂದುಕೊಂಡಿದ್ದೆ. ಇಲ್ಲ. ಲೋಟಗಳನ್ನು ಒಂದರೊಳಗೊಂದು ಇಡುತ್ತಾ, ಹಾಲಿನವನ ಬಗ್ಗೆ ಹೇಳುವಷ್ಟೇ ತಣ್ಣಗೆ ಹೇಳಿದಳು:

“ಆಯ್ತು ರೀ. ಹಾಗಾದ್ರೆ ಸೈಟಿಗೆ ಪ್ಲಾನ್ ನಾನು ಹೇಳ್ತೀನಿ. ಅತ್ತೆಗೊಂದು ರೂಮು, ನನಗೊಂದು ರೂಮು. ನಿಮಗೆ ಬೇಡ. ಬೇರೆಯವರ ಹಾಸಿಗೆ ಅಭ್ಯಾಸ ಆಗಿರುತ್ತಲ್ಲ.”

ರಘುವಿನ ಕೈ ಗುಂಡಿಯ ಮೇಲೇ ನಿಂತಿತು. ಅವನು ಅವಳ ಮುಖ ನೋಡಿದ. ಅವಳು ಲೋಟ ನೋಡುತ್ತಿದ್ದಳು. ಎದ್ದವನೇ ಬರಿಗಾಲಲ್ಲಿ ಓಡಿದ. “ಲೋ ಶಾಮು, ನಿಂತ್ಕೊಳೋ!” ಅನ್ನುವುದು ಬಸ್ ಸ್ಟಾಪಿನ ತನಕ ಕೇಳಿರಬೇಕು.

ಬಹಳ ಹೊತ್ತು ಬರಲಿಲ್ಲ. ಬಸ್ಸು ಹೋಗಿಬಿಟ್ಟಿತೋ ಏನೋ ಅಂತ ನಾನು ಗೇಟಿನ ತನಕ ಹೋಗಿ ನೋಡಿ ಬಂದೆ. ಸರಸ ಒಳಗೆ ಅದೇ ಲೋಟಗಳನ್ನು ಎರಡನೇ ಸಲ ತೊಳೆಯುತ್ತಿದ್ದಳು.

ಕೊನೆಗೆ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ಅಂಗಾಲಿಗೆ ಕಲ್ಲು ತಾಗಿ ರಕ್ತ ಬಂದಿತ್ತು.

“ಹೇಳಿದೆ.”

“ಏನಂತ?” ಅಂದರು ಅತ್ತೆ.

“ಅಂಗಡಿ ಮೇಲಿಂದು. ಎರಡು ರೂಮು.”

“ಮತ್ತೆ ಸೈಟು?”

ಅಡುಗೆಮನೆಯಿಂದ ಉತ್ತರ ಬಂತು: “ಕಲ್ಲು ನೆಟ್ಟಿದಾರಲ್ಲ ಅತ್ತೆ, ಎಲ್ಲೂ ಓಡಿಹೋಗಲ್ಲ ಬಿಡಿ.”

ಅತ್ತೆ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. (ತಂಗಿಗೆ ಹೇಳಿಕೊಟ್ಟವಳು ನಾನೇ ಅಂತೆ. ಅಷ್ಟು ಚೆನ್ನಾಗಿ ಹೇಳಿಕೊಡಲು ನನಗೆ ಬರುವುದಿಲ್ಲ.) ಅವರ ಸಂಕಟವೂ ಸುಳ್ಳಲ್ಲ. ಬಾಡಿಗೆ ಮನೆಯಲ್ಲೇ ಆಯುಸ್ಸು ಕಳೆದವರು, ಮಗನ ಕಾಲಕ್ಕಾದರೂ ಸ್ವಂತ ಗೋಡೆ ನೋಡಬೇಕು ಅನ್ನುವ ಆಸೆ.

ಆದರೂ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಗ್ಗದ ಮನೆ ಅಂತ ಹುಡುಕುತ್ತೀರಲ್ಲ, ನಿಮ್ಮ ಲೆಕ್ಕದಲ್ಲಿ ಹೆಂಡತಿ ಬರುವುದು ಖರ್ಚಿನ ಕಡೆಗೋ, ಮನೆಯ ಕಡೆಗೋ?